ಆರನೇ ಟ್ರ್ಯಾಕು

ಸೇಬು ಒಣಗಿಸಲೆಂದು ನಾನು ಆಸೆಪಟ್ಟು ಕೊಂಡಿದ್ದ ಕರೆಂಟಿನ ಪೆಟ್ಟಿಗೆಯ ಮೇಲೆ ನಮ್ಮ ಯಜಮಾನರ ಕಣ್ಣು ಬಿತ್ತು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಆ ಭಾನುವಾರ ಔಷಧಿ ಅಂಗಡಿಯ ಪಾಳಿ ಮುಗಿಸಿ ಮನೆಗೆ ಬಂದರೆ ಪೆಟ್ಟಿಗೆಯ ಜಾಲರಿ ತಟ್ಟೆಗಳು ಸಿಂಕಿನ ಪಕ್ಕ ಬಿದ್ದಿದ್ದವು. ಎಲ್ಲದರ ನಡುಭಾಗವನ್ನೂ ಗರಗಸದಲ್ಲಿ ಕೊಯ್ದಿತ್ತು. ಪೆಟ್ಟಿಗೆಯೊಳಗೆ ಊಟದ ತಟ್ಟೆಯಷ್ಟು ಅಗಲದ ಟೇಪಿನ ಸುರುಳಿಯೊಂದು ಬೆಚ್ಚಗೆ ಮಲಗಿತ್ತು.

"ಏನ್ರೀ ಇದು? ನನ್ನ ತಟ್ಟೆ ಯಾಕೆ ಕೊಯ್ದ್ರಿ?"

"ಸುರುಳಿ ಹಿಡೀತಿರಲಿಲ್ಲ ಕಣೆ. ಐವತ್ನಾಲ್ಕು ಡಿಗ್ರಿ ಶಾಖ, ಎಂಟು ಗಂಟೆ ಹೊತ್ತು. ಆಫೀಸಿನ ಒಣಗಿಸೋ ಯಂತ್ರ ಕೆಟ್ಟು ಕೂತಿದೆ. ನಿನ್ನ ಪೆಟ್ಟಿಗೆಗೆ ಇರೋ ತಾಳ್ಮೆ ಬೇರೆ ಯಾವುದಕ್ಕೂ ಇಲ್ಲ."

"ಪೆಟ್ಟಿಗೆಗೆ ಇರಬಹುದು. ನನಗಿಲ್ಲ."

ಇವರ ಕೆಲಸ ಅದು. ಕಂಪನಿಯ ಗೋದಾಮಿನಲ್ಲಿ ದಶಕಗಟ್ಟಲೆ ಬಿದ್ದಿರುವ ಟೇಪುಗಳನ್ನು ತಂದು, ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಚರಪರ ಸದ್ದು ತೆಗೆದು, ಹೊಸ ನಮೂನೆಯ ಡಿಸ್ಕಿಗೆ ಸಿದ್ಧ ಮಾಡುವುದು. ಆ ಡಿಸ್ಕಿನಲ್ಲಿ ಗಾಯಕರು ತುಟಿ ಒದ್ದೆ ಮಾಡಿಕೊಂಡದ್ದೂ ಕೇಳಿಸುತ್ತದಂತೆ. ಹಳೇ ಟೇಪಿನ ಅಂಟು ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಹಾಗೇ ಓಡಿಸಿದರೆ ಹಾಡು ಕಂದು ಪುಡಿಯಾಗಿ ಉದುರಿಹೋಗುತ್ತದೆ. ಹದವಾಗಿ ಒಣಗಿಸಿದರೆ ಕೆಲವು ದಿನದ ಮಟ್ಟಿಗೆ ಗಟ್ಟಿಯಾಗುತ್ತದೆ, ಅಷ್ಟರಲ್ಲಿ ಇಳಿಸಿಕೊಳ್ಳಬೇಕು. ಇದೆಲ್ಲ ನನಗೆ ಬಾಯಿಪಾಠ. ಆದರೂ ತಟ್ಟೆ ನನ್ನದಲ್ಲವೇ? ಇನ್ನೂ ನಾಲ್ಕು ಮಾತು ಬೈಯೋಣವೆಂದು ಬಾಯಿ ತೆರೆದೆ.

ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ ನಮ್ಮ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಸುಮ್ನಿರೇ. ಅದರೊಳಗೆ ನಾನಿದೀನಿ."

ಇದು ಅರ್ಥವಾಗಬೇಕಾದರೆ ನಮ್ಮ ಮನೆಯ ಪುರಾಣ ಹೇಳಬೇಕು. ನಲವತ್ತಾರು ವರ್ಷದ ಹಿಂದೆ ಮಾವ ಸ್ಟುಡಿಯೋದಲ್ಲಿ ರೆಕಾರ್ಡಿಸ್ಟಾಗಿ ಸೇರಿ ಎರಡು ತಿಂಗಳಾಗಿತ್ತು. ಒಬ್ಬ ದೊಡ್ಡ ಗಾಯಕಿ ಅಲ್ಲಿ ದೋಣಿಯ ಹಾಡೊಂದನ್ನು ಹಾಡಿದರು. ಆ ಹಾಡು ಕೇಳದವರಿಲ್ಲ. ಗಾಯಕಿಯ ದನಿಯ ಕೆಳಗೆ ಇನ್ನೊಂದು ಹೆಣ್ಣುದನಿ ನೆರಳಿನ ಹಾಗೆ ಜೊತೆಗೇ ಸಾಗುತ್ತದೆ. ಅದನ್ನು ಹಾಡಬೇಕಿದ್ದವಳಿಗೆ ಜ್ವರ ಬಂತು. ರೆಕಾರ್ಡಿಂಗಿಗೆ ನಾಲ್ಕು ದಿನವಷ್ಟೇ ಉಳಿದಿತ್ತು. ಮಾವ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯನ್ನೇ ಕರೆದುಕೊಂಡು ಹೋದರು. ಅತ್ತೆಗೆ ಆಗ ಇಪ್ಪತ್ತೈದು, ಆರು ತಿಂಗಳ ಬಸುರಿ.

"ಮೂರನೇ ಚರಣದ ಕೊನೇ ಸಾಲು ಇದೆಯಲ್ಲ, ಅಷ್ಟುದ್ದ, ಒಂದೇ ಉಸಿರು ಕಣೆ! ನಾಲ್ಕು ದಿನ ಒದ್ದಾಡಿದೆ. ಒಳಗೆ ನಿನ್ನ ಗಂಡ ಒದೀತಿದ್ದ. ಆ ಹಾಡಲ್ಲಿ ಅವನೂ ಇದಾನೆ."

ನಾನು ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ಈ ಕಥೆಯನ್ನು ಕಡಿಮೆಯೆಂದರೆ ಇನ್ನೂರು ಸಲ ಕೇಳಿದ್ದೇನೆ. ಗ್ಯಾಸ್ ಸಿಲಿಂಡರ್ ತರುವವನೂ ಕೇಳಿದ್ದಾನೆ. ಅದಾದ ಮೇಲೆ ಅತ್ತೆ ಮತ್ತೆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ. ಮಗು ಹುಟ್ಟಿತು, ಹೊಲಿಗೆ, ಅಡುಗೆ, ಅದೇ ಬದುಕಾಯಿತು. ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಎರಡನೇ ದನಿಯ ಹೆಸರು ಯಾವತ್ತೂ ಅಚ್ಚಾಗಿರಲಿಲ್ಲ. ಆದರೆ ಬಟ್ಟೆ ಕತ್ತರಿಸುವಾಗ, ಬೇಳೆ ತೊಳೆಯುವಾಗ ಅತ್ತೆ ಆ ಎರಡನೇ ದನಿಯನ್ನೇ ಹಾಡಿಕೊಳ್ಳುತ್ತಿದ್ದರು. ಮೊದಲನೆಯದನ್ನು ಹಾಡಿದ್ದು ನಾನು ಕೇಳಿಲ್ಲ.

ಅವತ್ತು ಊಟಕ್ಕೆ ಕೂತಾಗ ಇವರು ಮಾವನಿಗೆ ಹೇಳಿದರು. "ಅಪ್ಪ, ದೋಣಿ ಹಾಡಿನ ಎಂಟು ಟ್ರ್ಯಾಕಿನ ಟೇಪೇ ಸಿಕ್ತು."

ಮಾವನ ಕೈಯಲ್ಲಿದ್ದ ಚಮಚ ನಿಂತಿತು. "ಅದ್ಯಾಕೆ? ಎಲ್ಲ ಕೂಡಿಸಿ ಮಾಡಿದ ಮಾಸ್ಟರ್ ಇದೆಯಲ್ಲ, ಅದನ್ನ ಹಾಕ್ಕೋ."

"ಅದು ಎರಡು ಸ್ಪೀಕರಿಗೆ. ಈ ಡಿಸ್ಕಲ್ಲಿ ಐದು ಸ್ಪೀಕರಿಗೆ ಹಂಚ್ಬೇಕು. ದನಿ, ಪಿಟೀಲು, ಡ್ರಮ್ಮು ಎಲ್ಲ ಬಿಡಿಬಿಡಿಯಾಗಿ ಬೇಕು."

"ದೇವರು ಕೊಟ್ಟಿರೋದು ಎರಡು ಕಿವಿ. ಐದು ಸ್ಪೀಕರು ಯಾರ ತಲೆ ಮೇಲೆ ಇಡ್ತೀಯ?"

"ನಿಮಗೆ ಆ ಎರಡೂ ಕೇಳ್ಸಲ್ವಲ್ಲ ತಾತ," ಅಂದಳು ನಮ್ಮ ಮಗಳು. ಹದಿನೇಳು ವರ್ಷ, ನೋಡಲು ಕಡ್ಡಿ, ಮಾತು ಖಾರ. ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುವುದು.

ನಾವೆಲ್ಲ ನಕ್ಕೆವು. ಮಾವ ಕಿವಿಯ ಯಂತ್ರ ಸರಿಮಾಡಿಕೊಂಡು, "ಆ ಟೇಪು ಸತ್ತಿರುತ್ತೆ. ಮುಟ್ಟಬೇಡ," ಎಂದು ಅರ್ಧ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ಆದರೆ ಕಳ್ಳತನ ಆಗಿದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಆ ವಾರ ಇವರು ಇನ್ನೊಂದು ಸುದ್ದಿ ತಂದರು. ಡಿಸ್ಕಿನ ಜೊತೆ ಒಂದು ಚಿಕ್ಕ ಪುಸ್ತಕ ಬರುತ್ತದಂತೆ. ಹಿಂದೆ ಹೆಸರು ಬಿಟ್ಟುಹೋದವರನ್ನೆಲ್ಲ ಈ ಸಲ ಅಚ್ಚು ಹಾಕಿಸಬೇಕೆಂದು ಕಂಪನಿಯ ಮೇಡಂ ಹಟ ಹಿಡಿದಿದ್ದಾರಂತೆ.

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. "ಎಲ್ಲರದೂ ಅಂದ್ರೆ? ಎರಡನೇ ದನಿಯವರದೂನಾ?"

"ಎರಡನೇ ದನಿಯವರದೂ ಅಮ್ಮ."

ಅತ್ತೆ ದಾರ ಪೋಣಿಸಿ ಮುಗಿಸಿದರು. ಆಮೇಲೆ, "ಅಕ್ಷರ ದಪ್ಪಕ್ಕಿರುತ್ತಾ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಆದರೆ ಸಂಜೆಯೊಳಗೆ ಸುದ್ದಿ ಬೀದಿಯ ಕೊನೆಯ ಮನೆ ಮುಟ್ಟಿತ್ತು. ಕೆಳಗಿನ ಮನೆಯಾಕೆ ರವಿಕೆ ಹೊಲಿಸಲು ಬಂದವರು ಅಳತೆ ಕೊಡುವುದನ್ನೇ ಮರೆತು ಹೋದರು.

ಬುಧವಾರ ಹಿಂದಿನ ಕೋಣೆಗೆ ಚಹಾ ತೆಗೆದುಕೊಂಡು ಹೋದೆ. ಇವರು ಮನೆಯಲ್ಲೇ ಮಾಡುವ ಕೆಲಸವೆಲ್ಲ ಆ ಕೋಣೆಯಲ್ಲೇ. ಇವರ ಮುಖ ಸುಣ್ಣದ ಹಾಗಾಗಿತ್ತು. "ಬಾಗಿಲು ಹಾಕು. ಇದನ್ನ ಕೇಳು," ಅಂದು ಒಂದು ಗುಂಡಿ ಒತ್ತಿದರು.

ಸ್ಪೀಕರಿನಿಂದ ಒಬ್ಬ ಹುಡುಗಿ ಏದುಸಿರು ಬಿಡುತ್ತಾ, ನಗುತ್ತಾ ಕೇಳಿದಳು: "ಸರಿ ಬಂತಾ?"

ನನಗೂ ನಗು ಬಂತು. "ಅಯ್ಯೋ, ಅತ್ತೆ!"

"ಅಮ್ಮನೇ. ಹಾಡು ಮುಗಿದ ಮೇಲೆ ಅಪ್ಪನ್ನ ಕೇಳ್ತಿರೋದು. ಈಗ ಇದಕ್ಕಿಂತ ಮುಂಚಿಂದು ಕೇಳು."

ಎರಡನೇ ದನಿ ಒಂಟಿಯಾಗಿ ಹಾಡಿತು. ಹತ್ತೊಂಬತ್ತು ವರ್ಷದಿಂದ ಕೇಳಿದ್ದೇ. ಕೊನೆಗೆ ದನಿ ನಿಂತಿತು, 'ಟಕ್' ಎಂದು ಸಣ್ಣ ಸದ್ದಾಯಿತು, ಮತ್ತೆ "ಸರಿ ಬಂತಾ?"

"ಅದೂ ಅತ್ತೇನೇ ತಾನೆ?"

"ಅಲ್ಲ ಕಣೆ." ಇವರು ಟೇಪಿನ ಡಬ್ಬಿಯಲ್ಲಿದ್ದ ಹಳದಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಯಾವ ಟ್ರ್ಯಾಕಿನಲ್ಲಿ ಏನಿದೆಯೆಂದು ಬರೆಯುವ ಹಾಳೆ, ಮಾವನ ದುಂಡನೆಯ ಅಕ್ಷರ. 'ಟ್ರ್ಯಾಕು ೬, ಎರಡನೇ ದನಿ' ಎಂದು ಬರೆದು ತಾರೀಕು ಹಾಕಿತ್ತು. ಅದರ ಕೆಳಗೆ ಮಾರನೇ ದಿನದ ತಾರೀಕು: 'ಟ್ರ್ಯಾಕು ೬, ಎರಡನೇ ದನಿ, ಬದಲಿ.'

"ಟೇಪಲ್ಲಿ ಜಾಗ ಇದ್ದಿದ್ದು ಎಂಟಕ್ಕೆ ಮಾತ್ರ. ಅದೇ ಜಾಗದಲ್ಲಿ ಇನ್ನೊಬ್ಬಳ ಕೈಲಿ ಹಾಡಿಸಿದಾರೆ. ಅವಳು ಹಾಡ್ತಾ ಹಾಡ್ತಾ ಅಮ್ಮಂದು ಅಳಿಸ್ತಾ ಹೋಗಿದೆ. ಹಾಡು ಮುಗಿದ ತಕ್ಷಣ ಯಂತ್ರ ನಿಲ್ಲಿಸಿದಾರೆ, ಅದಕ್ಕೇ ಅಮ್ಮನ ಕೊನೇ ಮಾತು ಉಳ್ಕೊಂಡಿದೆ. ಮೂರನೇ ಚರಣ ಕೇಳು, ಆ ಉದ್ದ ಸಾಲಿನ ಮಧ್ಯ ಇವಳು ಉಸಿರು ತಗೋತಾಳೆ. ಹಾಡಿನ ತಟ್ಟೆಯಲ್ಲಿ ಅದರ ಮೇಲೆ ಪಿಟೀಲು ಬಂದು ಮುಚ್ಚಿಬಿಡುತ್ತೆ."

ಚಹಾ ಆರಿತು. ಇಬ್ಬರೂ ಕುಡಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಹೊಲಿದ ಬಟ್ಟೆ ಕೊಡಲು ಹೋದಾಗ ಮಾವ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಇವರು ಎದುರು ಕೂತರು.

"ಅಪ್ಪ, ಆರನೇ ಟ್ರ್ಯಾಕು ಕೇಳ್ದೆ."

ಮಾವ ಇನ್ನೂ ಎರಡು ಬಟಾಣಿ ಸುಲಿದರು. ಕೇಳಿಸಲಿಲ್ಲವೇನೋ ಅಂದುಕೊಂಡೆ. "ಎಷ್ಟು ಉಳಿದಿದೆ?" ಅಂದರು.

"ನಾಲ್ಕು ಸೆಕೆಂಡು."

"ಏನಂತಾಳೆ?"

"ಸರಿ ಬಂತಾ ಅಂತಾಳೆ."

ಮಾವ ಬಟಾಣಿಯ ಬಟ್ಟಲು ಪಕ್ಕಕ್ಕೆ ಸರಿಸಿದರು. "ಕಂಪನಿಯವರು ಅವಳ ಹಾಡು ಕೇಳಿದ್ರು. ಈ ದನಿ ಎದ್ದು ನಿಲ್ಲುತ್ತೆ, ಮೊದಲನೇ ದನಿಯವರು ಸಣ್ಣಗೆ ಕಾಣ್ತಾರೆ, ನಾಳೆ ಬೇರೆಯವರನ್ನ ಕರೆಸಿ, ಇಲ್ದಿದ್ರೆ ನೀನೂ ಬರಬೇಡ ಅಂದ್ರು. ಎರಡು ತಿಂಗಳ ನೌಕರಿ. ನೀನು ಹೊಟ್ಟೇಲಿ."

"ಸರಿ, ಅಳಿಸಿದ್ರಿ. ಹೇಳೋಕೇನಾಗಿತ್ತು?"

"ಹೆರಿಗೆ ಆಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ರೇಡಿಯೋದಲ್ಲಿ ಹಾಡು ಬಂತು. ನಿನ್ನನ್ನ ಸೊಂಟಕ್ಕೆ ಏರಿಸ್ಕೊಂಡು ಒಳಗಿಂದ ಓಡಿ ಬಂದ್ಲು. 'ಕೇಳ್ರೀ, ನಾನು! ನಾನು!' ಅಂದ್ಲು. ಆಮೇಲೆ ಹೇಗೋ ಹೇಳೋದು?"

ಇವರಿಗೆ ಏನು ಹೇಳಬೇಕೋ ತೋಚಲಿಲ್ಲ. ನನಗೆ ತೋಚಿತು, ಅದೇ ತಪ್ಪಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತೀರ್ಪು ಕೊಟ್ಟವಳು ನಾನೇ. "ನಲವತ್ತಾರು ವರ್ಷ ಬಾಯಿ ಮುಚ್ಕೊಂಡಿದ್ರಿ ಮಾವ, ಇನ್ನೂ ಮುಚ್ಕೊಂಡಿರಿ. ಪುಸ್ತಕದಲ್ಲಿ ಅವರ ಹೆಸರು ಬರಲಿ. ಯಾರು ಬಂದು ಕೇಳ್ತಾರೆ? ಇಳಿವಯಸ್ಸಲ್ಲಿ ಅವರಿಗೆ ಇರೋದು ಅದೊಂದು ಸಂತೋಷ." ಹೀಗೆ ಮೂವರೂ ಒಂದಾದೆವು. ಅತ್ತೆ ಬಂದು, "ಏನು, ಮೂರೂ ಜನ ಸಾವಿನ ಮನೆಯವರ ಥರ ಕೂತಿದೀರ?" ಅಂದಾಗ ನಾನು ಬಟಾಣಿ ಹುಳುಕಾಗಿದೆ ಎಂದೆ.

ಆದರೆ ಅತ್ತೆಗೆ ಹೊಸದೊಂದು ಆಸೆ ಹತ್ತಿತ್ತು. ದನಿಗಳು ಬಿಡಿಬಿಡಿಯಾಗಿ ಇರುತ್ತವೆಂದು ಅವತ್ತು ಊಟದಲ್ಲಿ ಕೇಳಿದ್ದರಲ್ಲ. "ನಂದು ಒಂದನ್ನೇ ಒಂದ್ಸಲ ಕೇಳಿಸೋ. ನನ್ನ ದನಿ ಹೊರಗಿಂದ ಹೇಗಿರುತ್ತೆ ಅಂತ ಯಾವತ್ತೂ ಕೇಳಿಲ್ಲ."

"ಟೇಪು ಇನ್ನೂ ಒಣಗಬೇಕು ಅಮ್ಮ."

ಮೂರು ದಿನ ಬಿಟ್ಟು, "ಯಂತ್ರದ ಬೆಲ್ಟು ಹೋಗಿದೆ ಅಮ್ಮ."

ಇನ್ನೊಂದು ವಾರ ಕಳೆದ ಮೇಲೆ, "ಕೆಲಸ ತುಂಬ ಇದೆ ಅಮ್ಮ."

ಮೆಣಸಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ರೇಗಿದಳು. "ಅಪ್ಪ, ಒಂದು ಗುಂಡಿ ಒತ್ತೋಕೆ ಎಷ್ಟು ಹೊತ್ತು ಬೇಕು? ಅಜ್ಜಿ ಏನು ಆಸ್ತಿ ಕೇಳ್ತಿದಾರಾ?"

"ನಿನ್ನ ಕೆಲಸ ನೋಡ್ಕೋ! ದೊಡ್ಡವರ ಮಧ್ಯ ಬಾಯಿ ಹಾಕಬೇಡ!" ಇವರು ಮೇಜು ಗುದ್ದಿದರು. ಮಗಳ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಅವಳು ಬ್ರೆಡ್ಡು ಅಲ್ಲೇ ಬಿಟ್ಟು ಹೋದಳು.

ಅತ್ತೆ ಆ ಬ್ರೆಡ್ಡನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ಅವಳನ್ನ ಯಾಕೆ ಬೈತೀಯ? ನಾನು ಅಷ್ಟು ಕೆಟ್ಟದಾಗಿ ಹಾಡಿದೀನಿ ಅಂತ ಕಾಣುತ್ತೆ. ಬಿಡು, ಇನ್ನು ಕೇಳಲ್ಲ," ಅಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಹಾಗೆಂದು ನಂಬಿ ಹೇಳಿದರು. ಅದನ್ನು ಇವರಿಂದ ತಡೆಯಲಾಗಲಿಲ್ಲ.

"ಆ ಬದಲಿಯವಳ ದನೀನೇ ಕೇಳಿಸಿಬಿಡ್ತೀನಿ," ಎಂದರು ನನ್ನ ಹತ್ತಿರ. "ಕೊನೇ ನಾಲ್ಕು ಸೆಕೆಂಡು ಕತ್ತರಿಸ್ತೀನಿ. ಅಮ್ಮ ಇಷ್ಟು ವರ್ಷ ನಂಬಿದಾಳೆ. ಈಗಲೂ ನಂಬ್ತಾಳೆ."

ನಾನು ಹೂಂ ಅಂದೆ. ಹಾಡಿನ ತಟ್ಟೆಯ ಸವೆದ ಸದ್ದಿನಲ್ಲಿ, ಪಿಟೀಲು ಡ್ರಮ್ಮುಗಳ ಸಂತೆಯಲ್ಲಿ ನಂಬುವುದು ಬೇರೆ. ದನಿಯೊಂದನ್ನೇ ತೊಳೆದು ಒರೆಸಿ ಕಿವಿಯ ಮುಂದೆ ಇಟ್ಟಾಗ ನಂಬುವುದು ಬೇರೆ. ದಿನಾ ಇದೇ ಕೆಲಸ ಮಾಡುವ ಮನುಷ್ಯನಿಗೆ ಅದು ಹೊಳೆಯಲಿಲ್ಲ ನೋಡಿ.

ಶನಿವಾರ ಮಧ್ಯಾಹ್ನ ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಹಿಂದಿನ ಕೋಣೆಗೆ ಬಂದರು. ನಾನೂ ಮೆಣಸೂ ಗೋಡೆಗೆ ಒರಗಿ ನಿಂತೆವು. ಮಾವ ಬರಲಿಲ್ಲ, ಹಜಾರದ ಕುರ್ಚಿಯಲ್ಲೇ ಕೂತರು.

ಮೊದಲನೇ ಚರಣಕ್ಕೆ ಅತ್ತೆಯ ಮುಖ ಅರಳಿತು. "ಅಬ್ಬಾ, ಎಷ್ಟು ಎಳೇ ದನಿ!" ಅಂದರು. ಎರಡನೆಯದಕ್ಕೆ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ತುಟಿ ಜೊತೆಯಲ್ಲೇ ಆಡುತ್ತಿತ್ತು. ಮೂರನೇ ಚರಣದ ಕೊನೆಯ ಸಾಲು ಬಂತು. ಸಾಲಿನ ನಡುವೆ ಸ್ಪೀಕರಿನ ಆ ಹೆಣ್ಣು ಸುಯ್ಯೆಂದು ಉಸಿರು ಎಳೆದುಕೊಂಡಳು. ಕೋಣೆಯಲ್ಲೇ ನಿಂತು ಎಳೆದುಕೊಂಡಷ್ಟು ಸ್ಪಷ್ಟವಾಗಿ ಕೇಳಿಸಿತು.

ಅತ್ತೆಯ ತುಟಿ ನಿಂತಿತು. "ನಿಲ್ಲಿಸು."

ಇವರು ನಿಲ್ಲಿಸಿದರು.

"ಇವಳು ಉಸಿರು ತಗೊಂಡ್ಳು."

"ಅಮ್ಮ, ಎಷ್ಟು ವರ್ಷದ ಮಾತು. ತಗೊಂಡಿರ್ತೀಯ, ಮರೆತಿರ್ತೀಯ."

"ಬಸುರಿ ಹೊಟ್ಟೆ ಹೊತ್ಕೊಂಡು ಹಿಡಿದ ಉಸಿರು ಕಣೋ ಅದು. ಮರೀತೀನಾ?" ಅತ್ತೆ ಸ್ಪೀಕರನ್ನೇ ನೋಡುತ್ತಿದ್ದರು. "ಇದು ನಾನಲ್ಲ."

"ಅಜ್ಜಿ, ಏನಂತಿದೀರ?" ಅಂದಳು ಮೆಣಸು. ಅವಳಿಗೆ ಏನೂ ಗೊತ್ತಿರಲಿಲ್ಲ. ಅತ್ತೆ ಮಗನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ಮುಖದಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲ.

"ನಿಂಗೂ ಗೊತ್ತಿತ್ತಾ?"

ಅತ್ತೆ ಸೊಸೆಯರ ಜಗಳ ನಾವೂ ಬೇಕಾದಷ್ಟು ಆಡಿದ್ದೇವೆ. ಯಾವ ಬೈಗುಳವೂ ನನಗೆ ಈ ಒಂದು ಮಾತಿನಷ್ಟು ಚುಚ್ಚಿಲ್ಲ.

"ಹಾಗಾದ್ರೆ ನಾನೆಲ್ಲಿ?" ಎಂದು ಮಗನನ್ನು ಕೇಳಿದರು.

ಇವರು ಕತ್ತರಿಸಿಟ್ಟಿದ್ದ ಆ ನಾಲ್ಕು ಸೆಕೆಂಡು ಹಾಕಿದರು. ಏದುಸಿರು, ನಗು, "ಸರಿ ಬಂತಾ?"

"ಮುಂದೆ?"

"ಇಷ್ಟೇ ಅಮ್ಮ."

"ಇನ್ನೊಂದ್ಸಲ ಹಾಕು." ಮತ್ತೆ ಕೇಳಿದರು. ನಂತರ ಎದ್ದು ಹಜಾರಕ್ಕೆ ಹೋದರು.

ಮಾವ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು, ಆಗಲಿಲ್ಲ.

"ಅಳಿಸಿದ್ದು ಯಾರು ರೀ?"

"ನಾನೇ."

"ನಿಮ್ಮ ಕೈಯಾರೆ?"

"ಹೂಂ ಕಣೇ. ನೀನು ಕೆಟ್ಟದಾಗಿ ಹಾಡಿ ಅಲ್ಲ. ಚೆನ್ನಾಗಿ ಹಾಡಿಬಿಟ್ಟೆ, ಅದಕ್ಕೆ. ಆ ದೊಡ್ಡ ಹೆಂಗಸು ನಿನ್ನ ಮುಂದೆ ಸಣ್ಣಗೆ ಕಾಣ್ತಾಳೆ ಅಂದ್ರು." ನೌಕರಿಯ ಮಾತು, ಬಸುರಿನ ಮಾತು, ರೇಡಿಯೋದ ಮಾತು ಎಲ್ಲವನ್ನೂ ಒಂದೇ ಸಮನೆ ಹೇಳಿದರು.

ಅತ್ತೆ ಪೂರ್ತಿ ಕೇಳಿದರು. "ಚೆನ್ನಾಗಿ ಹಾಡಿದ್ದಕ್ಕೆ ತೆಗೆದ್ರು ಅಂತ ಅವತ್ತೇ ಹೇಳಿದ್ರೆ ನಂಗೆ ಅಷ್ಟೇ ಸಾಕಾಗಿತ್ತು. ಜೀವಮಾನಕ್ಕೆಲ್ಲ ಸಾಕಾಗಿತ್ತು. ಈಗ ಹೇಳಿದ್ರೆ ನಾನು ಹೇಗೆ ನಂಬಲಿ?"

ನಂಬಿಸಲು ಇದ್ದ ಒಂದೇ ಸಾಕ್ಷಿಯನ್ನು ಮಾವನೇ ಅಳಿಸಿದ್ದರು.

ಆಮೇಲಿನ ಮೂರು ವಾರ ಮನೆ ಹೇಗಿತ್ತೆಂದು ಹೇಳಲಾರೆ. ಅತ್ತೆ ಅಡುಗೆ ಮಾಡಿದರು, ಬಡಿಸಿದರು, ಮಾವನ ತಟ್ಟೆಗೂ ಬಡಿಸಿದರು. ಆದರೆ ದಿನಾ ಬೆಳಿಗ್ಗೆ ಮಾವನ ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕಿಕೊಡುತ್ತಿದ್ದವರು ಅದನ್ನು ನಿಲ್ಲಿಸಿದರು. ಕೈ ನಡುಗುವ ಮಾವನಿಂದ ಅದು ಆಗದ ಕೆಲಸ. ಬಾಯಿಬಿಟ್ಟು ಕೇಳಲೂ ಇಲ್ಲ. ನಾಲ್ಕು ದಿನ ಏನೂ ಕೇಳಿಸದೆ, ನಾವು ಮಾತಾಡುವಾಗ ಒಬ್ಬೊಬ್ಬರ ಬಾಯಿ ನೋಡುತ್ತಾ ಉಂಡೆದ್ದರು. ಐದನೇ ದಿನ ಮೆಣಸು ತಾನೇ ಹೋಗಿ ಹಾಕಿದಳು. "ನಾನೂ ನಿಮ್ಮ ಮೇಲೆ ಸಿಟ್ಟಲ್ಲೇ ಇದೀನಿ ತಾತ. ಆದ್ರೆ ಬೈದ್ರೆ ನಿಮಗೆ ಕೇ‍ಳಿಸಬೇಕಲ್ಲ," ಅಂದಳು.

ಅತ್ತೆ ಹಾಡುವುದು ನಿಂತುಹೋಯಿತು. ಹೊಲಿಗೆ ಯಂತ್ರದ ಸದ್ದು ಮಾತ್ರ ಉಳಿಯಿತು.

ಇನ್ನೊಂದು ಕೆಲಸವನ್ನು ಅವರು ಯಾರೂ ಹೇಳದೆ ಶುರುಮಾಡಿದರು. ಇಷ್ಟು ವರ್ಷ ಯಾರ್ಯಾರಿಗೆ ಹೇಳಿದ್ದರೋ ಅವರ ಬಳಿಗೆಲ್ಲ ಹೋಗಿ ಆ ಮಾತನ್ನು ವಾಪಸು ತೆಗೆದುಕೊಂಡು ಬಂದರು. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, "ಡಿಸ್ಕು ಯಾವಾಗ ಬರುತ್ತೆ?" ಅಂದಾಗ, "ಅದರಲ್ಲಿರೋದು ನಾನಲ್ಲಮ್ಮ, ನಂದೇ ಅಂತ ತಪ್ಪು ತಿಳ್ಕೊಂಡಿದ್ದೆ," ಅಂದರು. ಗ್ಯಾಸಿನವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದರು. ಅವನು ಸಿಲಿಂಡರು ಕೆಳಗಿಟ್ಟು, "ಹೋಗಲಿ ಬಿಡಿ ಅಮ್ಮ, ಹಾಡು ಚೆನ್ನಾಗಿದೆಯಲ್ಲ," ಎಂದು ಸಮಾಧಾನ ಮಾಡಿದ. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

"ಯಾಕೆ ಅತ್ತೆ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತೀರಿ? ಅವರಿಗೆ ಏನಾಗಬೇಕಿದೆ?" ಎಂದು ಕೇಳಿದೆ.

"ಇನ್ನೊಬ್ಬಳ ಒಡವೆ ಹಾಕ್ಕೊಂಡು ಮೆರೆದೆ. ನಂದಲ್ಲ ಅಂತ ಗೊತ್ತಾದ ಮೇಲೂ ಬಿಚ್ಚದೆ ಇರೋಕಾಗುತ್ತಾ?"

ಪುಸ್ತಕ ಅಚ್ಚಿಗೆ ಹೋಗುವ ವಾರ ಇವರು ಹೆಸರಿನ ಹಾಳೆ ತಂದರು. ಯಾರು ಏನು ಹಾಡಿದರು, ಏನು ನುಡಿಸಿದರು ಎಂದು ತುಂಬಿ ಕೊಡಬೇಕಿತ್ತು. ಉಳಿದದ್ದೆಲ್ಲ ತುಂಬಿತ್ತು. 'ಎರಡನೇ ದನಿ' ಎಂಬುದರ ಮುಂದೆ ಖಾಲಿ ಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಊಟವಾಗಿ ತಟ್ಟೆ ಇನ್ನೂ ಎತ್ತಿರಲಿಲ್ಲ. ಐದೂ ಜನ ಮೇಜಿನ ಸುತ್ತ ಇದ್ದೆವು.

"ಅಮ್ಮ, ನಿನ್ನ ಹೆಸರೇ ಬರೀತೀನಿ," ಅಂದರು ಇವರು. "ಮೊದಲು ಹಾಡಿದವಳು ನೀನೇ ತಾನೆ? ಕಂಪನಿಗೂ ಬೇರೆ ಹೆಸರು ಗೊತ್ತಿಲ್ಲ. ಯಾರಿಗೂ ಮೋಸ ಇಲ್ಲ."

"ಅವಳಿಗೆ ಮೋಸ ಅಲ್ವಾ?"

"ಅವಳೆಲ್ಲಿದಾಳೋ. ಇದಾಳೋ ಇಲ್ವೋ."

"ಎಲ್ಲಾದ್ರೂ ಒಂದು ಮನೇಲಿ ಇರ್ತಾಳೆ. ಅವಳೂ ಮಕ್ಕಳ ಮುಂದೆ, ಸೊಸೆ ಮುಂದೆ ಹೇಳ್ಕೊಂಡಿರ್ತಾಳೆ, ಆ ದನಿ ನಂದು ಅಂತ. ನಾಳೆ ಈ ಪುಸ್ತಕ ಅವಳ ಮಗನ ಕೈಗೆ ಸಿಗುತ್ತೆ. ನನ್ನ ಹೆಸರು ನೋಡ್ತಾನೆ. ನಮ್ಮಮ್ಮ ಇಷ್ಟು ವರ್ಷ ಸುಳ್ಳು ಹೇಳಿದ್ಳು ಅಂದ್ಕೋತಾನೆ." ಅತ್ತೆ ಮೇಜಿನ ಮೇಲಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ತೆಗೆದರು. "ಬೇಡಪ್ಪ. ಅವಳು ನಿಜ ಹೇಳಿರೋಳು."

"ಅವಳ ಹೆಸರು ಗೊತ್ತಿದ್ರೆ ತಾನೆ ಬರೆಯೋಕೆ?"

"ನಂಗೆ ಗೊತ್ತು," ಅಂದರು ಮಾವ.

ಎಲ್ಲರೂ ಅವರತ್ತ ತಿರುಗಿದೆವು. ಮಾವ ತಲೆ ಎತ್ತದೆ ಹೆಸರು ಹೇಳಿದರು. ಪೂರ್ತಿ ಹೆಸರು, ಅವಳ ತಂದೆಯ ಹೆಸರು ಸಮೇತ. ಎಡಗೈಯಲ್ಲಿ ಕಾಗದ ಹಿಡಿದುಕೊಂಡು ಹಾಡುತ್ತಿದ್ದಳಂತೆ, ಎರಡೇ ಸಲಕ್ಕೆ ಮುಗಿಸಿ ಬಸ್ಸಿಗೆ ಹೊತ್ತಾಯಿತೆಂದು ಓಡಿದಳಂತೆ.

ಅತ್ತೆ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಮಗನ ಜೇಬಿನಿಂದ ಪೆನ್ನು ತೆಗೆದು, ಆ ಖಾಲಿ ಜಾಗದಲ್ಲಿ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದರು. ಬರೆದು ಒಂದು ಸಲ ಓದಿ ನೋಡಿದರು. ಮೆಣಸು ಮುಖ ಆ ಕಡೆ ತಿರುಗಿಸಿಕೊಂಡಳು.

"ಅವಳ ಹೆಸರು ಇಷ್ಟು ಚೆನ್ನಾಗಿ ನೆನಪಿಟ್ಕೊಂಡಿದೀರಲ್ಲ," ಅಂದರು ಅತ್ತೆ. ಮೂರು ವಾರದಲ್ಲಿ ಗಂಡನ ಜೊತೆ ಆಡಿದ ಮೊದಲ ಮಾತು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನನ್ನ ದನಿ ಹೇಗಿತ್ತು ಹೇಳಿ."

"ಚೆನ್ನಾಗಿತ್ತು ಕಣೇ."

"ಚೆನ್ನಾಗಿತ್ತು ಅಂತ ಯಾರು ಬೇಕಾದ್ರೂ ಅಂತಾರೆ. ಹೇಗಿತ್ತು? ತೆಳ್ಳಗಿತ್ತಾ, ಗಡುಸಾಗಿತ್ತಾ? ಆ ಉದ್ದ ಸಾಲು ಹೇಗೆ ಹಾಡಿದೆ? ಕೇಳಿದವರು ನೀವೊಬ್ರೇ ತಾನೆ ಉಳಿದಿರೋದು."

ಮಾವ ಕಣ್ಣು ಮುಚ್ಚಿಕೊಂಡರು. ಹುಡುಕುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಒಮ್ಮೆ ತುಟಿ ಅಲ್ಲಾಡಿತು, ಸಿಕ್ಕಿತೇನೋ ಎಂದು ನಾವೆಲ್ಲ ಮುಂದಕ್ಕೆ ಬಾಗಿದೆವು. ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಬರ್ತಾ ಇಲ್ಲ ಕಣೇ. ಎಷ್ಟು ನೆನಪು ಮಾಡ್ಕೊಂಡ್ರೂ ಅವಳ ದನೀನೇ ಬರುತ್ತೆ. ಮನೇಲೂ ನೀನು ತಟ್ಟೇಲಿ ಇರೋ ಹಾಗೇ ಹಾಡ್ತಾ ಬಂದೆ. ಅದೇ ನಿನ್ನ ದನಿ ಆಗ್ಹೋಯ್ತು."

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. "ನಂಗೂ ಅಷ್ಟೇ ರೀ," ಅಂದರು. "ನಂಗೂ ಅವಳದೇ ಬರುತ್ತೆ."

ಆಮೇಲೆ ಅತ್ತೆ ಅತ್ತರು. ಈ ಮನೆಗೆ ಬಂದ ಮೇಲೆ ನಾನು ಅವರು ಅಳುವುದನ್ನು ನೋಡಿದ್ದು ಅದೇ ಮೊದಲು. ಎದ್ದು ಹೋಗಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ, ಎಂಜಲು ತಟ್ಟೆಗಳ ಮುಂದೆ ಕೂತುಕೊಂಡೇ ಅತ್ತರು. ನಾವು ಯಾರೂ ತಡೆಯಲು ಹೋಗಲಿಲ್ಲ.